ಭದ್ರಾವತಿಯ ದುಡ್ಡು, ಮಹಾರಾಜರ ಹೆಸರು

ನಮಸ್ಕಾರ. ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯ ಶಾಲೆಗಳಲ್ಲಿ ಸರ್ ಎಂ.ವಿ., ಅಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ಭಾಷಣ ಶುರು. ಬೀದಿ ದೀಪದ ಕೆಳಗೆ ಓದಿದರು. ಎರಡು ಮೇಣದಬತ್ತಿ ಇಟ್ಟುಕೊಂಡಿದ್ದರು, ಸರ್ಕಾರದ್ದೊಂದು, ಸ್ವಂತದ್ದೊಂದು. ಚಪ್ಪಾಳೆ, ಲಾಡು, ಮನೆಗೆ.

ಬೀದಿ ದೀಪದ ಕಥೆಯನ್ನು ಯಾವ ದೊಡ್ಡ ಮನುಷ್ಯರಿಗೆ ಅಂಟಿಸಿಲ್ಲ ಹೇಳಿ? ನಮ್ಮ ಜಿಲ್ಲೆಗೇ ಸೇರಿದ ಕಥೆ ಬೇರೆ ಇದೆ. ಅದು ಭಾಷಣದಲ್ಲಿ ಬರುವುದೇ ಅಪರೂಪ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಇಲ್ಲಿ ಸಿಗುವುದಿಲ್ಲವಲ್ಲ, ಅದಕ್ಕೆ ಮಲೆನಾಡಿನ ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಕುಲುಮೆಗೆ ಸುರಿದರು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಸುಮ್ನೆ ಬಿಡಲಿಲ್ಲ, ಅದರಿಂದ ಟಾರು, ಸ್ಪಿರಿಟ್ ತೆಗೆದರು. ಎಷ್ಟು ಕಾಡು ಹೋಯಿತು ಅನ್ನುವುದು ಬೇರೆಯೇ ಜಗಳ, ಇನ್ನೊಂದು ದಿನ ಮಾತಾಡೋಣ. ಕಾರ್ಖಾನೆ ಕಷ್ಟದಲ್ಲಿದ್ದಾಗ, ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರೇ ನಡೆಸಿದರು.

ಆ ಕೆಲಸಕ್ಕೆ ಸರ್ಕಾರ ಅವರಿಗೆ ಕೊಡಬೇಕಿದ್ದ ಹಣ ಲಕ್ಷ ದಾಟಿತ್ತು. ಆ ಕಾಲದ ಲಕ್ಷ! ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆ ತೆರೆಯಿರಿ ಅಂದರು. ನಿಮ್ಮ ಹೆಸರೇ ಇಡೋಣ ಅಂದಾಗ ಬೇಡ, ಮಹಾರಾಜರ ಹೆಸರಿಡಿ ಅಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇವತ್ತು ನಾವು ಎಸ್.ಜೆ.ಪಿ. ಪಾಲಿಟೆಕ್ನಿಕ್ ಅನ್ನುತ್ತೇವಲ್ಲ, ಅದೇ.

ಓದಿನ ಬೆಲೆ ಅವರಿಗೆ ಗೊತ್ತಿತ್ತು. ತಂದೆ ಬೇಗ ತೀರಿಕೊಂಡರು. ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ. ಮುಂದೆ ದಿವಾನರಾದ ಆರು ವರ್ಷದಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಬಂತು.

ಹಾಗಂತ ಪೂಜೆ ಮಾಡಲು ನಾನು ಮೈಕ್ ಹಿಡಿದಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ಬಂತು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರ. ಅವರು ಒಪ್ಪಲಿಲ್ಲ, ದಿವಾನಗಿರಿ ಬಿಟ್ಟಿದ್ದೂ ಅದೇ ಭಿನ್ನಾಭಿಪ್ರಾಯದಲ್ಲಿ. ಅಷ್ಟೊಂದು ಶಾಲೆ ತೆರೆದವರು ಇಲ್ಲಿ ಎಡವಿದರು ಅಂತಲೇ ನನ್ನ ಅಭಿಪ್ರಾಯ. ಮಕ್ಕಳಿಗೆ ಇದನ್ನೂ ಹೇಳಿ. ಹೈಸ್ಕೂಲ್ ಮಕ್ಕಳಿಗೆ ಇಷ್ಟು ಅರ್ಥ ಆಗದೇ ಇರುತ್ತದಾ?

ನನ್ನ ತಕರಾರು ಇಷ್ಟೇ. ಬೇಡ ಅಂದವರ ಹೆಸರನ್ನು ನಾವು ಕಂಡಲ್ಲೆಲ್ಲ ಬರೆದಿದ್ದೇವೆ. ಅವರು ದುಡ್ಡು ಹಾಕಿದ ಕೈಕಸುಬಿನ ಕಲಿಕೆಯನ್ನು ಮಾತ್ರ ಕೈಬಿಟ್ಟಿದ್ದೇವೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದ ಹುಡುಗ ಐ.ಟಿ.ಐ. ಸೇರುತ್ತೇನೆ ಅಂದರೆ ಮನೆಯಲ್ಲಿ ಸಾವಿನ ಸೂತಕ. "ಲೇತ್ ಮುಂದೆ ನಿಲ್ಲೋಕಾ ಇಷ್ಟು ಓದಿಸಿದ್ದು?" ಅಂತ ಅಪ್ಪ. ಆ ಅಪ್ಪನೇ ಲೇತ್ ಮುಂದೆ ನಿಂತು ಮಗನನ್ನು ಸಾಕಿದವನಾಗಿರುತ್ತಾನೆ, ಅದು ಬೇರೆ ಮಾತು.

ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಜೀವಮಾನ ಸವೆಸಿದ ಟರ್ನರ್, ಫಿಟ್ಟರ್, ಮೋಲ್ಡರ್‌ಗಳು ರಿಟೈರ್ ಆಗಿ ಇದೇ ಊರಿನಲ್ಲಿ ಕೂತಿದ್ದಾರೆ. ಕರಗಿದ ಕಬ್ಬಿಣದ ಬಣ್ಣ ನೋಡಿ ಹದ ಹೇಳುವವರು. ಶನಿವಾರ ಬೆಳಗಿನ ಕ್ಲಾಸ್ ಮುಗಿದ ಮೇಲೆ ಅವರನ್ನು ಹೈಸ್ಕೂಲಿಗೆ ಕರೆಸಲು ಏನು ಕಷ್ಟ? ಹಳೆ ವಿದ್ಯಾರ್ಥಿಗಳ ಸಂಘದವರೇ, ಮುಂದಿನ ಸಲ ದಾನಿಗಳ ಹೆಸರು ಕೆತ್ತಿಸಿ ಗೇಟಿಗೆ ಕಮಾನು ಕಟ್ಟಿಸುವ ಯೋಚನೆ ಬಂದರೆ, ಆ ದುಡ್ಡಿಗೆ ಎಷ್ಟು ಬೆಂಚ್ ವೈಸ್, ಎಷ್ಟು ಅರ, ಎಷ್ಟು ಹ್ಯಾಕ್ಸಾ ಬರುತ್ತವೆ ಅಂತ ಒಮ್ಮೆ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿ. ರೇಟ್ ಎಷ್ಟು ಹೇಳಿದರು ಅಂತ ನನಗೂ ತಿಳಿಸಿ.