ಮೊದಲ ಸಲ ಇಂಜಿನ್ ಬಿಚ್ಚೋರಿಗೆ: ಮಾರುತಿ 800ರ ಮೂರು ಸಿಲಿಂಡರ್

ಎಲ್ರಿಗೂ ನಮಸ್ಕಾರ. ಕಾರ್ ಇಂಜಿನ್ ನಾನೇ ಬಿಚ್ಬೇಕು, ನಾನೇ ವಾಪಸ್ ಕಟ್ಬೇಕು ಅಂತ ಆಸೆ ಇರೋರು ನಮ್ಮಲ್ಲಿ ತುಂಬಾ ಜನ ಇದಾರೆ, ಇವತ್ತಿನ ಮಾತು ಅವರಿಗೆ. ಮೊದಲನೇ ಸಲಕ್ಕೆ ಯಾವ ಇಂಜಿನ್ ಅಂತ ಕೇಳಿದ್ರೆ ನಾನು ಯೋಚನೆ ಮಾಡೋದೇ ಇಲ್ಲ, ಕಾರ್ಬುರೇಟರ್ ಇರೋ ಹಳೇ ಮಾರುತಿ 800. 1983ರ ಡಿಸೆಂಬರಲ್ಲಿ ಮೊದಲ ಗಾಡಿ ಆಚೆ ಬಂತು, 2014ರ ಜನವರೀಲಿ ತಯಾರಿಕೆ ನಿಲ್ಸಿದ್ರು, ಆದ್ರೂ ಸ್ಪೇರ್ ಇವತ್ತಿಗೂ ಸಿಗತ್ತೆ, ಯಾಕಂದ್ರೆ ಓಮ್ನಿಗೂ ಹಾಕಿದ್ದು ಇದೇ ಎಫ್8ಬಿ ಇಂಜಿನ್ನು. ಮೂರು ಸಿಲಿಂಡರ್, 796 ಸಿಸಿ, ಸಿಲಿಂಡರುಗಳಿರೋ ಕಬ್ಬಿಣದ ಬ್ಲಾಕ್, ಅದರ ಮೇಲೆ ವಾಲ್ವುಗಳಿರೋ ಅಲ್ಯೂಮಿನಿಯಂ ಹೆಡ್, ಪಿಸ್ಟನ್ನುಗಳು ತಿರುಗಿಸೋ ಕ್ರ್ಯಾಂಕಿಗೂ ವಾಲ್ವುಗಳಿಗೂ ತಾಳ ಕೂಡಿಸೋ ಒಂದು ಟೈಮಿಂಗ್ ಬೆಲ್ಟ್, ಅಷ್ಟೇ. ಬಿಚ್ಚಿ ಹರಡಿದ್ರೆ ಒಂದು ದೊಡ್ಡ ಟೇಬಲ್ ಮೇಲೆ ಪೂರ್ತಿ ಇಂಜಿನ್ ಕಣ್ಣಿಗೆ ಕಾಣತ್ತೆ.

ಸ್ಪ್ಯಾನರ್ ಹಿಡಿಯೋ ಮುಂಚೆ ಆರ್‌ಸಿ ತೆಗ್ದು ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ರಿಜಿಸ್ಟ್ರೇಶನ್ ರಿನ್ಯೂ ಆಗಿರ್ಬೇಕು, ಅದೇ ಇಲ್ಲದ ಗಾಡಿಗೆ ದುಡ್ಡು ಸುರಿದು ಇಂಜಿನ್ ಕೆಲಸ ಮಾಡ್ಸಿ ಆಮೇಲೆ ಆರ್‌ಟಿಓ ಬಾಗ್ಲಲ್ಲಿ ನಿಂತ್ಕೊಳ್ಳೋದು ಯಾರಿಗ್ ಬೇಕು. ಇನ್ನೊಂದು ವಿಷ್ಯ, ಇಂಜಿನ್ ನಂಬರ್ ಹೊಡ್ದಿರೋದು ಬ್ಲಾಕ್ ಮೇಲೆ. "ಅಣ್ಣಾ ಗುಜರೀಲಿ ಒಳ್ಳೇ ಬ್ಲಾಕ್ ಇದೆ, ಅದನ್ನೇ ಹಾಕ್ಬಿಡೋಣ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಹಾಕಿದ್ರೆ ಆರ್‌ಸೀಲಿ ನಂಬರ್ ಬದಲಾಯಿಸ್ಬೇಕು, ಆ ಬ್ಲಾಕಿನ ಹಿಂದಿನ ಕಾಗದಾನೂ ಬೇಕು. ನಿಮ್ಮ ಬ್ಲಾಕನ್ನ ಬೋರ್ ಮಾಡಿಸಿ, ಅಂದ್ರೆ ಸವೆದ ಸಿಲಿಂಡರ್ ತೂತನ್ನ ಸ್ವಲ್ಪ ದೊಡ್ಡದಾಗಿ ಕೊರೆಸಿ, ಬೋರಿಗೂ ಬಗ್ಗದಿದ್ರೆ ಸ್ಲೀವ್, ಅಂದ್ರೆ ಒಳಗೆ ಹೊಸ ಕೊಳವೆ, ಹಾಕ್ಸಿ, ಆದಷ್ಟೂ ಅದನ್ನೇ ಉಳಿಸ್ಕೊಳ್ಳಿ.

ಸರಿ, ನಿಜವಾಗ್ಲೂ ಇಂಜಿನ್ ಇಳಿಸ್ಬೇಕಾ ಅನ್ನೋದು ಮುಂದಿನ ಪ್ರಶ್ನೆ. ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ ತಕ್ಷಣ ಫುಲ್ ಇಂಜಿನ್ ಕೆಲಸ ಅಂತ ಹೇಳೋರ ಮಾತು ನಂಬ್ಬೇಡಿ. ರಾತ್ರಿ ನಿಲ್ಸಿ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಒಂದು ಸಲ ಬುಸ್ ಅಂತ ಬಂದು ನಿಂತೋದ್ರೆ ಅದು ಹೆಚ್ಚಾಗಿ ವಾಲ್ವ್ ಸೀಲು, ಹೆಡ್ ಕೆಲಸದಲ್ಲೇ ಮುಗ್ಯತ್ತೆ. ಆಕ್ಸಿಲರೇಟರ್ ತುಳಿದಾಗೆಲ್ಲ ಹಿಂದಿನ ಸ್ಕೂಟರಿನವರು ಮುಖ ಮುಚ್ಕೊಳ್ಳೋ ಹಂಗೆ ಬರ್ತಿದ್ರೆ ಆಗ ಪಿಸ್ಟನ್ ಸುತ್ತ ಇರೋ ರಿಂಗ್ ಮೇಲೆ ಅನುಮಾನ ಪಡಿ. ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ದುಬಾರಿ ಸಾಮಾನೇನಲ್ಲ, ಒಂದು ತಗೊಳ್ಳಿ. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗ್ದು, ಕಾಯಿಲ್ ವೈರ್ ಕಳಚಿ, ಗೇಜನ್ನ ಒಂದೊಂದೇ ಪ್ಲಗ್ ತೂತಿಗೆ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ದು ಸೆಲ್ಫ್ ಹೊಡೀರಿ, ಮೂರು ಸಿಲಿಂಡರಿನ ರೀಡಿಂಗ್ ಬರ್ಕೊಳ್ಳಿ. ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಲ್ಲಿ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ರೀಡಿಂಗ್ ಏರಿದ್ರೆ ರಿಂಗು ಅಥವಾ ಬೋರು ಸವೆದಿದೆ, ಏರದಿದ್ರೆ ವಾಲ್ವ್ ಕೂರ್ತಿಲ್ಲ. ಅಕ್ಕಪಕ್ಕದ ಎರಡೂ ಒಟ್ಟಿಗೆ ಬಿದ್ದಿದ್ರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಜಾಸ್ತಿ. ಇಷ್ಟು ಮಾಡ್ದೆ ಬಿಚ್ಚಿದ್ರೆ ಟೇಬಲ್ ತುಂಬಾ ಸಾಮಾನು ಇರತ್ತೆ, ಕಾಯಿಲೆ ಏನು ಅಂತ ಗೊತ್ತಿರಲ್ಲ.

ಬಿಚ್ಚೋದ್ರ ಬಗ್ಗೆ ಜಾಸ್ತಿ ಹೇಳಲ್ಲ, ಬಿಚ್ಚೋದು ಯಾರಿಗೂ ಕಷ್ಟ ಅಲ್ಲ. ಬೆಲ್ಟ್ ತೆಗೆಯೋ ಮುಂಚೆ ಪುಲ್ಲಿಗಳ ಟೈಮಿಂಗ್ ಮಾರ್ಕ್ ಕೂಡ್ಸಿ ಫೋನಲ್ಲಿ ಫೋಟೋ ತಗೊಳ್ಳಿ. ಹೆಡ್ ಬೋಲ್ಟು ಇಂಜಿನ್ ಪೂರ್ತಿ ತಣ್ಣಗಾದ ಮೇಲೇನೇ, ಎರಡು ತುದಿಯಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪ ಸಡಿಲ ಮಾಡಿ, ಇಲ್ದಿದ್ರೆ ಅಲ್ಯೂಮಿನಿಯಂ ಹೆಡ್ ಬೆಂಡಾಗತ್ತೆ. ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರ್ಸೋ ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳು ಮಾತ್ರ ಒಂದಕ್ಕೊಂದು ಅದಲು ಬದಲು ಆಗ್ಲೇಬಾರ್ದು, ರಾಡು ಕ್ಯಾಪು ಜೊತೇಲೇ ಬೋರ್ ಮಾಡಿರೋ ಜೋಡಿ ಅವು, ಬಿಚ್ಚೋ ಮುಂಚೇನೇ 1, 2, 3 ಅಂತ ಗುರುತು ಹಾಕಿ.

ಈಗ ಬ್ಲಾಕ್ ಕೊರೆಯೋ, ಗ್ರೈಂಡ್ ಮಾಡೋ ಲೇತ್ ಅಂಗಡಿ ವಿಷ್ಯಕ್ಕೆ ಬರ್ತೀನಿ, ಇಡೀ ಕೆಲಸ ಉಳಿಯೋದೂ ಇಲ್ಲೇ ಕೆಡೋದೂ ಇಲ್ಲೇ. ಮೊದಲ ಸಲ ಮಾಡೋರು ಬ್ಲಾಕ್ ತಗೊಂಡೋಗಿ ಇಟ್ಟು "ಬೋರ್ ಮಾಡ್ಬಿಡಿ" ಅಂತ ಹೇಳಿ ಬಂದ್ಬಿಡ್ತಾರೆ. ಹಂಗಲ್ಲ. ಮೊದಲು ಅಳತೆ. ಸ್ಟ್ಯಾಂಡರ್ಡ್ ಬೋರು 68.5 ಮಿ.ಮೀ., ಸವೆಯೋದು ಜಾಸ್ತಿ ಮೇಲ್ಗಡೆ, ಟಾಪ್ ರಿಂಗ್ ವಾಪಸ್ ತಿರುಗೋ ಜಾಗದಲ್ಲಿ, ಬೆರಳಾಡಿಸಿದ್ರೆ ಒಂದು ಅಂಚು ಸಿಗತ್ತೆ ನೋಡಿ ಅದು. ಪ್ರತಿ ಬೋರಿಗೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ ಒಂದ್ಸಲ ಅಡ್ಡಕ್ಕೆ ಒಂದ್ಸಲ ಡಯಲ್ ಗೇಜ್ ಇಟ್ಟು ಅಳೀರಿ, ಅಳತೆ ಒಂದು ಚೀಟೀಲಿ ಬರ್ಕೊಡಿ ಅಂತ ಕೇಳಿ. ಬರ್ಕೊಡೋಕೆ ಗೊಣಗೋ ಅಂಗಡಿಯಿಂದ ಬ್ಲಾಕ್ ಎತ್ಕೊಂಡು ಬನ್ನಿ, ನನ್ನ ಅಭಿಪ್ರಾಯ ಇಷ್ಟೇ. ಆ ಚೀಟಿ ನೋಡಿ ಸ್ಟ್ಯಾಂಡರ್ಡಿಗಿಂತ 0.25 ಮಿ.ಮೀ. ಓವರ್‌ಸೈಜಾ 0.50ಆ ಅಂತ ತೀರ್ಮಾನ ಮಾಡಿ, ಪಿಸ್ಟನ್ ಸೆಟ್ ಮೊದಲು ತಂದು ಲೇತಿನವರ ಕೈಗೇ ಕೊಡಿ. ಒಳ್ಳೇ ಲೇತಿನವರು ಪಿಸ್ಟನ್ ಎಲ್ಲಿ ಅಂತ ಅವರೇ ಕೇಳ್ತಾರೆ, ಯಾಕಂದ್ರೆ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡೋ ಜಾಗ ತಲೆಕೂದಲಿನ ದಪ್ಪಕ್ಕಿಂತ ಕಮ್ಮಿ, ಡಬ್ಬದ ಮೇಲೆ ಬರ್ದಿರೋ ಸೈಜ್ ನಂಬ್ಕೊಂಡು ಬೋರ್ ಮಾಡಕ್ಕಾಗಲ್ಲ, ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರಲ್ಲಿ ಅಳೆದು ಅದರದರ ಬೋರ್ ಮಾಡ್ಬೇಕು. ಬೆಂಗಳೂರಿನವರು ಜೆ.ಸಿ. ರೋಡಿಗೆ ಹೋದ್ರೆ ಒಂದೇ ಪಿಸ್ಟನ್ನಿಗೆ ನಾಲ್ಕು ರೇಟ್ ಹೇಳ್ತಾರೆ, ರಿಂಗು, ಬೇರಿಂಗು, ಟೈಮಿಂಗ್ ಬೆಲ್ಟು ಈ ಮೂರಲ್ಲಿ ಮಾತ್ರ ಚೌಕಾಸಿ ಮಾಡಿ ಡೂಪ್ಲಿಕೇಟ್ ಮಾಲು ತರಬೇಡಿ.

ಕ್ರ್ಯಾಂಕಿಗೆ ಉಗುರಿನ ಪರೀಕ್ಷೆ ಸಾಕು ಶುರುವಿಗೆ. ಬೇರಿಂಗ್ ಕೂರೋ ನುಣುಪು ಜಾಗ, ಅಂದ್ರೆ ಜರ್ನಲ್ ಮೇಲೆ ಹೆಬ್ಬೆರಳಿನ ಉಗುರು ಎಳೀರಿ, ಸಿಕ್ಕಾಕ್ಕೊಂಡ್ರೆ ಗ್ರೈಂಡಿಂಗ್, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್. ಹೆಡ್ಡಿಗೆ ನೇರ ಪಟ್ಟಿ ಇಟ್ಟು ಅಡೀಲಿ 0.05 ಮಿ.ಮೀ. ದಪ್ಪದ ತಗಡು, ಅಂದ್ರೆ ಫೀಲರ್ ಗೇಜ್ ತೂರಿಸಿ ನೋಡಿ, ತೂರಿದ್ರೆ ಫೇಸಿಂಗ್ ಮಾಡಿಸಿ, ಅಂದ್ರೆ ಅಡಿ ಸಮ ಮಾಡಿಸಿ.

ಬ್ಲಾಕ್ ಲೇತಿಂದ ಬಂದ ಮೇಲೆ ಥಳಥಳ ಅಂತಿರತ್ತೆ, ಕ್ಲೀನಾಗಿದೆ ಅನ್ಸತ್ತೆ, ಆದ್ರೆ ಆಗಿರಲ್ಲ. ಬೋರ್ ಆದ್ಮೇಲೆ ಗೋಡೆಗೆ ಕಲ್ಲಿಂದ ಅಡ್ಡಗೆರೆ ಎಳೆಯೋ ಹಾನಿಂಗ್ ಮಾಡ್ದಾಗ ಕಲ್ಲಿನ ಪುಡಿ ಆ ಅಡ್ಡಗೆರೆಗಳ ಒಳಗೆ ಕೂತಿರತ್ತೆ, ಸೀಮೆಎಣ್ಣೆ ಪೆಟ್ರೋಲ್ ಹಾಕಿ ಒರ್ಸಿದ್ರೆ ಮೇಲಿನ ಜಿಡ್ಡು ಹೋಗತ್ತೆ, ಪುಡಿ ಹೋಗಲ್ಲ, ಹಂಗೇ ಕಟ್ಟಿದ್ರೆ ಹೊಸ ರಿಂಗನ್ನ ಅದೇ ತಿಂದಾಕತ್ತೆ. ಬಿಸಿನೀರು, ಪಾತ್ರೆ ತೊಳೆಯೋ ಸೋಪು, ಗಟ್ಟಿ ಬ್ರಶ್, ಇಷ್ಟೇ ಬೇಕಾಗಿರೋದು. ತೊಳೀರಿ, ಒಣಗ್ಸಿ, ಹಳೇ ಬಿಳಿ ಪಂಚೆ ತುಂಡಿಗೆ ಒಂದು ಹನಿ ಆಯಿಲ್ ಹಾಕಿ ಬೋರ್ ಒಳಗೆ ಒರೆಸಿ, ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಮತ್ತೆ ತೊಳೀರಿ. ಬಟ್ಟೆ ಬೆಳ್ಳಗೇ ಉಳಿಯೋ ತನಕ ಬಿಡ್ಬೇಡಿ, ಆಮೇಲೆ ತಕ್ಷಣ ಆಯಿಲ್ ಸವರಿ, ಕಬ್ಬಿಣ ಅಲ್ವಾ, ನೋಡ್ತಾ ನೋಡ್ತಾ ತುಕ್ಕು ಹಿಡ್ಯತ್ತೆ.

ಕಟ್ಟೋವಾಗ ಮೊದಲು ರಿಂಗ್ ಗ್ಯಾಪ್. ರಿಂಗನ್ನ ಪಿಸ್ಟನ್ನಿಗೆ ಹಾಕೋ ಮುಂಚೆ ಬರೀ ರಿಂಗನ್ನೇ ಬೋರ್ ಒಳಗೆ ಬಿಟ್ಟು, ಪಿಸ್ಟನ್ ತಲೆಕೆಳಗಾಗಿ ಹಿಡ್ದು ಅದನ್ನ ಸಮನಾಗಿ ಒಳಗೆ ತಳ್ಳಿ, ರಿಂಗಿನ ಎರಡು ತುದಿ ನಡುವಿನ ಬಾಯಿ ಎಷ್ಟು ಬಿಟ್ಟಿದೆ ಅಂತ ಫೀಲರ್ ಗೇಜಲ್ಲಿ ನೋಡಿ. ಈ ಸೈಜ್ ಬೋರಿಗೆ ಹತ್ರಹತ್ರ 0.2ರಿಂದ 0.3 ಮಿ.ಮೀ. ಇರ್ಬೇಕು, ತೀರಾ ಕಮ್ಮಿ ಇದ್ರೆ ಬಿಸಿಯಾದಾಗ ಎರಡು ತುದಿ ಕೂಡ್ಕೊಂಡು ಬೋರ್ ಗೀರಾಕತ್ತೆ. ರಿಂಗಿನ ಮೇಲೆ ಅಕ್ಷರ ಇರೋ ಕಡೆ ಮೇಲಕ್ಕೆ, ಬಾಯಿಗಳು ಒಂದರ ಮೇಲೊಂದು ಬರದ ಹಾಗೆ ಸುತ್ತ ಹಂಚಿ, ಪಿಸ್ಟನ್ ತಲೆ ಮೇಲಿನ ಬಾಣ ಪುಲ್ಲಿ ಕಡೆಗೆ. ಪಿಸ್ಟನ್ ಇಳಿಸೋವಾಗ ರಾಡಿನ ಬೋಲ್ಟುಗಳಿಗೆ ಹಳೇ ಪೆಟ್ರೋಲ್ ಪೈಪಿನ ತುಂಡು ಸಿಗ್ಸಿ, ಇಲ್ಲಾಂದ್ರೆ ಆ ಥ್ರೆಡ್ಡು ಈಗಷ್ಟೇ ಗ್ರೈಂಡ್ ಆಗಿರೋ ಕ್ರ್ಯಾಂಕಿಗೆ ತಾಗಿ ಗೆರೆ ಎಳ್ದುಬಿಡತ್ತೆ. ಹೆಡ್ ಬೋಲ್ಟು ಈಗ ನಡುವಿಂದ ಆಚೆ ಕಡೆಗೆ, ಎರಡು ಮೂರು ಸುತ್ತಲ್ಲಿ, ಟಾರ್ಕ್ ರೆಂಚಲ್ಲೇ ಬಿಗೀರಿ, ಎಷ್ಟು ಬಿಗೀಬೇಕು ಅನ್ನೋ ನಂಬರ್ ಸರ್ವಿಸ್ ಮ್ಯಾನ್ಯುಯಲ್ ನೋಡಿ ಹಾಕಿ. ಕೈ ಅಂದಾಜು ಇಪ್ಪತ್ತು ವರ್ಷ ಗ್ಯಾರೇಜಲ್ಲಿ ಇದ್ದೋರಿಗೆ ಇರತ್ತೆ, ನಮ್ಗಲ್ಲ. ಬೆಲ್ಟ್ ಹಾಕಿದ ಮೇಲೆ ಪ್ಲಗ್ ಇಲ್ದೆ ಕ್ರ್ಯಾಂಕನ್ನ ಸ್ಪ್ಯಾನರಲ್ಲಿ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗ್ಸಿ, ಮಾರ್ಕುಗಳು ಮತ್ತೆ ಕೂಡ್ಬೇಕು. ನಡುವೆ ಎಲ್ಲಾದ್ರೂ ಗಟ್ಟಿಯಾಗಿ ನಿಂತ್ರೆ ಬಲವಂತ ಮಾಡ್ಬೇಡಿ, ಬಿಚ್ಚಿ ನೋಡಿ.

ಸ್ಟಾರ್ಟ್ ಮಾಡೋ ದಿನ ಮನೆಯೋರೆಲ್ಲ ಸುತ್ತ ನಿಂತಿರ್ತಾರೆ, ಅವಸರ ಮಾಡ್ಬೇಡಿ. ಆಯಿಲ್ ಹಾಕಿ, ರೇಡಿಯೇಟರಿಗೆ ಕೂಲೆಂಟ್ ತುಂಬಿ, ಪ್ಲಗ್ ಹಾಕ್ದೆ, ಕಾಯಿಲ್ ವೈರೂ ಕಳಚಿಟ್ಟು, ಡ್ಯಾಶ್‌ಬೋರ್ಡಲ್ಲಿ ಆಯಿಲ್ ಲೈಟ್ ಆರೋ ತನಕ ಸೆಲ್ಫ್ ಹೊಡೀರಿ, ಮೇಲಿನ ತನಕ ಆಯಿಲ್ ಬಂತು ಅಂತ ಅರ್ಥ. ಆಮೇಲೆ ಪ್ಲಗ್ಗು, ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಉರಿಯೋ ಕ್ರಮ, 1-3-2, ವೈರ್ ಅದೇ ಪ್ರಕಾರ. ಮೊದಲ ಕೆಲವು ನಿಮಿಷ ಹೊಗೆ ಬರತ್ತೆ, ಕಟ್ಟೋವಾಗ ಸವರಿದ ಆಯಿಲ್ ಸುಡೋದು ಅದು, ಗಾಬರಿ ಬೇಡ. ಗಂಟೆಗಟ್ಲೆ ಮನೆ ಮುಂದೆ ಐಡಲಲ್ಲಿ ನಿಲ್ಸಿ ಗುರುಗುಟ್ಟಿಸ್ಬೇಡಿ, ಲೀಕ್ ಇಲ್ಲ ಅಂತ ನೋಡ್ಕೊಂಡು ಖಾಲಿ ರೋಡಿಗೆ ತಗೊಂಡೋಗಿ, ಸ್ವಲ್ಪ ತುಳಿದು ಸ್ವಲ್ಪ ಬಿಟ್ಟು ಓಡ್ಸಿ, ರಿಂಗ್ ಕೂರೋದು ಹಂಗೆ. ಐನೂರು ಕಿಲೋಮೀಟರಿಗೆ ಆಯಿಲ್ಲೂ ಫಿಲ್ಟರೂ ಬದಲಾಯ್ಸಿ, ಹಳೇ ಆಯಿಲ್ಲನ್ನ ಬಿಸಿಲಲ್ಲಿ ಹಿಡ್ದು ನೋಡಿ. ನುಣ್ಣಗೆ ಸ್ವಲ್ಪ ಹೊಳಪು ಕಂಡ್ರೆ ಪರ್ವಾಗಿಲ್ಲ, ಕೈಗೆ ಸಿಗೋ ಚೂರು ಕಂಡ್ರೆ ಮಾತ್ರ ಗಾಡಿ ನಿಲ್ಸಿ ಸಂಪ್, ಅಂದ್ರೆ ಇಂಜಿನ್ ಅಡಿಯ ಆಯಿಲ್ ತಟ್ಟೆ, ಬಿಚ್ಚಿ. ಅದೇ ದಿನ ವಾಲ್ವ್ ಕ್ಲಿಯರೆನ್ಸನ್ನೂ, ಅಂದ್ರೆ ವಾಲ್ವ್ ತುದೀಲಿ ಬಿಡೋ ಸಂದನ್ನೂ, ಇನ್ನೊಂದ್ಸಲ ಫೀಲರ್ ಗೇಜ್ ಇಟ್ಟು ನೋಡ್ಕೊಂಡ್ಬಿಡಿ, ಹೊಸದಾಗಿ ಗ್ರೈಂಡ್ ಮಾಡಿದ ವಾಲ್ವ್ ಕೂತಾಗ ಅದು ಬದಲಾಗಿರತ್ತೆ. ನಮಸ್ಕಾರ.