ಹೊಸ ಎಂಜಿನ್ ಪಳಗುವ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗ ಈಚೆಗೆ ಹೊಸ ಕಾರು ತಂದ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ, ಆರು ಗೇರು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಂದದ್ದು. ಮೂರು ವಾರ ಕಳೆದ ಮೇಲೆ ಮನೆಗೆ ಬಂದು ಖುಷಿಯಿಂದ ಹೇಳಿದ: "ಮಾವ, 600 ಕಿಲೋಮೀಟರ್ ಆಯ್ತು. ಒಂದು ಸಲಾನೂ 80 ದಾಟಿಸಿಲ್ಲ."

ಎಲ್ಲಿ ಓಡಿಸಿದೆ ಅಂತ ಕೇಳಿದೆ. ನಮ್ಮ ಮೈಸೂರಿನಿಂದ ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿದ್ದಾನೆ, ಎರಡೂ ಸಲ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲೇ. ಆರನೇ ಗೇರಿಗೆ ಹಾಕಿ, 80ಕ್ಕೆ ನಿಲ್ಲಿಸಿ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ದಾಟಿಕೊಂಡು ಒಂದೇ ಸಮನೆ. ನಾನು ಬೆನ್ನು ತಟ್ಟುತ್ತೇನೆ ಅಂದುಕೊಂಡಿದ್ದ. ನನಗೆ ಎದೆ ಧಸಕ್ಕೆಂದಿತು. ಅವನು ಪ್ರೀತಿಯಿಂದಲೇ ಮಾಡಿದ್ದ. ಆದರೆ ಹೊಸ ಎಂಜಿನ್ನಿಗೆ ಬೇಕಾದದ್ದು ಅದಲ್ಲ.

ನಾನು ಬಹಳ ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು. ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಹೊಸ ಎಂಜಿನ್ ಪಳಗಿಸುವುದು, ರನ್ನಿಂಗ್ ಇನ್ ಅನ್ನುತ್ತಾರಲ್ಲ, ಅದು ಅಂದರೆ ನಿಧಾನವಾಗಿ ಓಡಿಸುವುದಲ್ಲ. ವೇಗ ಬದಲಾಯಿಸುತ್ತಾ ಓಡಿಸುವುದು.

ಒಳಗೆ ಏನು ನಡೆಯುತ್ತದೆ ನೋಡಿ. ನಮ್ಮಮ್ಮನ ಕಾಲದಲ್ಲಿ ಒರಳುಕಲ್ಲು ಸವೆದು ನುಣುಪಾದರೆ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ನುಣುಪಾದ ಕಲ್ಲಿನ ಮೇಲೆ ಹಿಟ್ಟು ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಕಚ್ಚು ಹಾಕಿಸಿದ ಮೇಲೆ ಮೊದಲ ಸಲ ರುಬ್ಬಿದ್ದನ್ನು ಯಾರೂ ತಿನ್ನುತ್ತಿರಲಿಲ್ಲ. ಅದರಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಎರಡು ಮೂರು ಸಲ ರುಬ್ಬಿದ ಮೇಲೆ ಚೂಪೆಲ್ಲ ಹೋಗಿ, ಗುಂಡೂ ಒರಳೂ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದವು.

ಎಂಜಿನ್ ಸಿಲಿಂಡರಿನ ಒಳಗೋಡೆಯೂ ಹಾಗೇ. ಕಾರ್ಖಾನೆಯಲ್ಲಿ ಅದರ ಮೇಲೆ ಅಡ್ಡಡ್ಡ ಓರೆ ಗೆರೆಗಳನ್ನು ಬೇಕೆಂದೇ ಹಾಕಿರುತ್ತಾರೆ. ಹೋನಿಂಗ್ ಅನ್ನುತ್ತಾರೆ ಇದಕ್ಕೆ. ಗೆರೆಯ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ಗೆರೆಯ ಉಬ್ಬು ಸ್ವಲ್ಪ ಸವೆದು, ಪಿಸ್ಟನ್ ರಿಂಗ್, ಅಂದರೆ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೆ ತೊಡಿಸಿದ ಬಳೆ, ಆ ಗೋಡೆಗೆ ಸರಿಯಾಗಿ ಕೂರಬೇಕು. ಕೂರಿಸುವವರು ಯಾರು? ರಿಂಗಿನ ಸ್ಪ್ರಿಂಗ್ ಬಲ ಬಹಳ ಕಡಿಮೆ. ಪೆಟ್ರೋಲ್ ಉರಿದಾಗ ಬರುವ ಅನಿಲದ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತದೆ ಆ ಒತ್ತಡ ಬರುವುದಿಲ್ಲ. ಯಾವಾಗಲೂ ಹಗುರವಾಗಿಯೇ ಓಡಿಸಿದರೆ ಉಬ್ಬು ಸವೆಯುವ ಬದಲು ಅದರ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟಬಹುದು. ಆಮೇಲೆ ರಿಂಗ್ ಸರಿಯಾಗಿ ಕೂರುವುದು ಕಷ್ಟ. ಕಾರು ಆಯಿಲ್ ಕುಡಿಯುತ್ತದೆ, ಎಳೆತ ಕಡಿಮೆಯಾಗುತ್ತದೆ.

ಹಾಗಂತ ಮೊದಲ ದಿನವೇ ನೆಲಕ್ಕೆ ತಾಗುವಂತೆ ತುಳಿದರೆ? ಉಬ್ಬುಗಳ ತುದಿಯಲ್ಲಿ ಬಿಸಿ ವಿಪರೀತವಾಗಿ ಲೋಹ ಲೋಹವನ್ನು ಕೆರೆಯುತ್ತದೆ. ಅದೂ ಬೇಡ.

ಈಗಿನ ಎಂಜಿನ್‌ಗಳಲ್ಲಿ ಕಾರ್ಖಾನೆಯೇ ಆ ತುದಿಗಳನ್ನು ಬಹಳ ಮಟ್ಟಿಗೆ ಸಮ ಮಾಡಿ ಕಳಿಸುತ್ತದೆ, ಅದು ನಿಜ. "ಈಗ ರನ್ನಿಂಗ್ ಇನ್ ಏನೂ ಬೇಕಿಲ್ಲ ಸಾರ್" ಅಂತ ಕಾರು ಮಾರುವವರು ಹೇಳುವುದನ್ನು ನಾನೂ ಕೇಳಿದ್ದೇನೆ. ಆದರೆ ಕಾರಿನ ಜೊತೆ ಕೊಡುವ ಪುಸ್ತಕ ತೆರೆದು ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಬಳಗದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಹೇಳುವುದು ಹೀಗೆ: ಮೊದಲ 1000 ಕಿಲೋಮೀಟರ್ ಎಂಜಿನ್ ತೀರ ಜೋರಾಗಿ ಸುತ್ತಬಾರದು, ಪೂರ್ತಿ ತುಳಿಯಬಾರದು. 1000ದಿಂದ 1500ರವರೆಗೆ ಮೆಲ್ಲಗೆ ಏರಿಸಬಹುದು. ಹ್ಯುಂಡೈ ಪುಸ್ತಕ 1000 ಕಿಲೋಮೀಟರ್‌ವರೆಗೆ 2000ದಿಂದ 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಒಳಗೆ ಓಡಿಸಿ ಅನ್ನುತ್ತದೆ. ಜೊತೆಗೆ, ಒಂದೇ ವೇಗದಲ್ಲಿ ತುಂಬ ಹೊತ್ತು ಓಡಿಸಬೇಡಿ ಅಂತಲೂ ಹೇಳುತ್ತದೆ. ಬಿಎಂಡಬ್ಲ್ಯೂ ಕಂಪನಿಯ ಜೋರು ಓಟದ ಎಂ ಕಾರುಗಳಿಗೆ ಮೊದಲ 2000 ಕಿಲೋಮೀಟರ್ 5500 ಆರ್‌ಪಿಎಂ ಮಿತಿ. ಆಮೇಲೆ ಎಂಜಿನ್ ಆಯಿಲ್ ಜೊತೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಆಯಿಲನ್ನೂ ಬದಲಾಯಿಸುತ್ತಾರೆ. ಎಂಜಿನ್ ಮಾಡಿದವರೇ ಇಷ್ಟು ಬರೆದಿರುವಾಗ, ಬೇಕಿಲ್ಲ ಅನ್ನುವವರ ಮಾತು ಯಾಕೆ ಕೇಳಬೇಕು?

ಸರಿ, "ನಿಧಾನ" ಅನ್ನುವ ಮಾತು ನಮ್ಮ ತಲೆಗೆ ಎಲ್ಲಿಂದ ಬಂತು? ನನಗನ್ನಿಸುವಂತೆ ಮೈಸೂರಿನಲ್ಲಿ ಅದು ಟೂ-ಸ್ಟ್ರೋಕ್ ಬೈಕುಗಳಿಂದ ಬಂತು. 1961ರಲ್ಲಿ ಯಾದವಗಿರಿಯಲ್ಲಿ ಜಾವಾ ಕಾರ್ಖಾನೆ ಶುರುವಾಯಿತು. 1996ರಲ್ಲಿ ಬಾಗಿಲು ಹಾಕುವವರೆಗೆ ಜಾವಾ, ಯೆಜ್ಡಿ ಸದ್ದು ಇಲ್ಲದ ಬೀದಿ ಈ ಊರಲ್ಲಿರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಗತಿ. ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಸುತ್ತಲಿನ ಕಬ್ಬಿಣದ ಸಿಲಿಂಡರ್ ಅಷ್ಟು ಹಿಗ್ಗುವುದಿಲ್ಲ. ಹೊಸ ಗಾಡಿ ಜೋರಾಗಿ ಓಡಿಸಿದರೆ ಪಿಸ್ಟನ್ ಸಿಕ್ಕಿಕೊಂಡು ಚಕ್ರ ನಿಂತೇ ಹೋಗುತ್ತದೆ. ಸೀಜ್ ಆಯ್ತು ಅನ್ನುತ್ತೇವಲ್ಲ, ಅದು. ನಾನು ಹುಡುಗನಾಗಿದ್ದಾಗ ನಮ್ಮ ಚಿಕ್ಕಪ್ಪನ ಹೊಸ ಬೈಕು ನಂಜನಗೂಡು ರಸ್ತೆಯಲ್ಲಿ ಹೀಗೇ ನಿಂತಿತ್ತು. ಹಿಂದೆ ಕೂತಿದ್ದವನು ನಾನೇ. ಅವರು ಥಟ್ಟನೆ ಕ್ಲಚ್ ಹಿಡಿಯದಿದ್ದರೆ ಇಬ್ಬರೂ ರಸ್ತೆಗೆ ಬೀಳುತ್ತಿದ್ದೆವು. ಆ ಭಯ ನಮ್ಮ ತಲೆಮಾರಿನ ಎಲ್ಲರಲ್ಲೂ ಉಳಿಯಿತು. ಮಕ್ಕಳಿಗೆ "ಮೆಲ್ಲಗೆ ಓಡಿಸು" ಅಂತ ಮಾತ್ರ ಹೇಳಿಕೊಟ್ಟೆವು. ಆಯಿಲ್ ಬೇರೆಯೇ ಹರಿಯುವ ಈಗಿನ ಫೋರ್-ಸ್ಟ್ರೋಕ್ ಟರ್ಬೊ ಕಾರಿಗೆ ಅದು ಅರ್ಧ ಮಾತು ಅಷ್ಟೇ.

ಹಾಗಾಗಿ ಭಾನುವಾರ ಬೆಳಿಗ್ಗೆ ಅಳಿಯನನ್ನು ಕರೆದುಕೊಂಡು ಮೇಲುಕೋಟೆಗೆ ಹೊರಟೆ. ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾರಿ. ಸುಮಾರು 50 ಕಿಲೋಮೀಟರ್. ಎಂಜಿನ್ ಪಳಗಿಸಲು ಇದಕ್ಕಿಂತ ಒಳ್ಳೆಯ ರಸ್ತೆ ನಮ್ಮ ಸುತ್ತ ನನಗೆ ಗೊತ್ತಿಲ್ಲ. ಊರು ಬಂದಾಗ ನಿಧಾನ. ಕಬ್ಬಿನ ಟ್ರಾಕ್ಟರ್ ಹಿಂದೆ ಎರಡನೇ ಗೇರು. ರಸ್ತೆ ಖಾಲಿಯಾದಾಗ ಮೂರನೇ ಗೇರಲ್ಲಿ 2000ದಿಂದ 4000 ಆರ್‌ಪಿಎಂವರೆಗೆ ಅರ್ಧ ತುಳಿದು ಏರಿಸುವುದು. ಆಮೇಲೆ ಕಾಲು ಪೂರ್ತಿ ತೆಗೆದು, ಗೇರಿನಲ್ಲೇ ಬಿಟ್ಟು ಇಳಿಸುವುದು.

ಈ ಕಾಲು ತೆಗೆಯುವ ಕೆಲಸವನ್ನು ಜಾಸ್ತಿ ಜನ ಮರೆಯುತ್ತಾರೆ. ಏರಿಸುವಾಗ ರಿಂಗ್ ಗೋಡೆಗೆ ಒತ್ತುತ್ತದೆ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ಹೀರುವ ಸೆಳೆತ ಹುಟ್ಟಿ ಕೆಳಗಿನಿಂದ ಆಯಿಲ್ ಮೇಲಕ್ಕೆ ಬರುತ್ತದೆ. ಸವೆದ ಲೋಹದ ಪುಡಿಯನ್ನು ತೊಳೆಯುತ್ತದೆ, ಬಿಸಿ ಇಳಿಸುತ್ತದೆ. ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ ಇದ್ದ ಹಾಗೆ. ಮೇಲುಕೋಟೆಯ ಬೆಟ್ಟ ಹತ್ತುವಾಗ ಮೂರನೇ ಗೇರು, ಇಳಿಯುವಾಗಲೂ ಮೂರನೇ ಗೇರು. ಹತ್ತುವಾಗ ಅವನು ಐದನೇ ಗೇರಲ್ಲೇ ಎಳೆಸಲು ನೋಡಿದ, ಮೈಲೇಜ್ ಬರಲಿ ಅಂತ. "ಬೇಡ ಕಣೋ, ಅದು ನರಳ್ತಾ ಇದೆ, ಕೇಳಿಸಲ್ವಾ" ಅಂದೆ. ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರು ಹಾಕಿ ಭಾರ ಎಳೆಸುವುದು ಹೆಚ್ಚು ವೇಗದಷ್ಟೇ ಕೆಟ್ಟದ್ದು. ಕಿಡಿ ಬರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆ ಏಟು ಬೀಳಬಹುದು.

ಇನ್ನೊಂದು ವಿಷಯ, ತಣ್ಣಗಿರುವಾಗಿನದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿಸಿ ಕಾಯಿಸಬೇಕಿಲ್ಲ. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡಿ. ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ. ಮತ್ತೂ ಐದಾರು ಕಿಲೋಮೀಟರ್ ತಾಳಿ. ಆಯುಧಪೂಜೆಯ ದಿನ ಬಾನೆಟ್ಟಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು, ಆಮೇಲೆ ನಿಂತಲ್ಲೇ ಆಕ್ಸಿಲರೇಟರ್ ತುಳಿದು ಸದ್ದು ಕೇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಣ್ಣನೆಯ ಆಯಿಲ್, ಭಾರವಿಲ್ಲದ ಎಂಜಿನ್. ಅದಕ್ಕೆ ಅದರಿಂದ ನೋವೇ ಹೊರತು ಲಾಭ ಏನೂ ಇಲ್ಲ.

ಬ್ರೇಕು, ಟೈರಿಗೂ ಪಳಗುವ ಕಾಲ ಬೇಕು. ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ ಕೆಲವು ನೂರು ಕಿಲೋಮೀಟರ್ ಹಿಡಿತ ಕಡಿಮೆ. ಹೊಸ ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಹೊಂದಿಕೊಂಡಿರುವುದಿಲ್ಲ. ಹೊಸ ಕಾರಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗುವವರು ಇದನ್ನು ನೆನಪಿಡಿ. ಇಳಿಯುವಾಗ ಬ್ರೇಕ್ ಮೇಲೆಯೇ ಇಳಿಯಬೇಡಿ, ಎರಡನೇ ಗೇರು ಹಾಕಿಕೊಳ್ಳಿ.

ಆಯಿಲ್ ಬಗ್ಗೆ ಬಹಳ ಜನ ಕೇಳುತ್ತಾರೆ. ಪುಸ್ತಕ ಹೇಳಿದಾಗ ಬದಲಾಯಿಸಿ. ಕೆಲವು ಕಂಪನಿಗಳು ಮೊದಲ ಆಯಿಲನ್ನು ಬೇಗ ತೆಗೆಯಬೇಡಿ ಅನ್ನುತ್ತವೆ, ಕೆಲವು ಬೇಗ ತೆಗೆಯಿರಿ ಅನ್ನುತ್ತವೆ. ಆ ಎಂಜಿನ್ ಮಾಡಿದವರ ಮಾತೇ ಆ ಎಂಜಿನ್ನಿಗೆ ಸರಿ. ಆದರೆ 500 ಕಿಲೋಮೀಟರ್‌ಗೊಮ್ಮೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ರಿಂಗ್ ಕೂರುವವರೆಗೆ ಸ್ವಲ್ಪ ಆಯಿಲ್ ಕಡಿಮೆಯಾಗುವುದು ಸಹಜ, ಗಾಬರಿ ಬೇಡ. ಕಡಿಮೆಯಾಗುವುದು ಬರಬರುತ್ತಾ ನಿಲ್ಲಬೇಕು.

ಅಳಿಯನ ಕಾರಿನ ಸಿಲಿಂಡರ್ ಗೋಡೆಯ ಮೇಲೆ ಆಗಲೇ ಪದರ ಕಟ್ಟಿತೇ? ಇಲ್ಲ. 600 ಕಿಲೋಮೀಟರಿಗೆ ಸುಮ್ನೆ ಹೆದರಬೇಕಿಲ್ಲ, ದಾರಿ ಬದಲಾಯಿಸಿದರೆ ಸಾಕಿತ್ತು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು, ವಾಪಸ್ ಬರುವಾಗ ಸ್ಟೀರಿಂಗ್ ನನಗೇ ಕೊಟ್ಟ. ಜಕ್ಕನಹಳ್ಳಿ ದಾಟಿದ ಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ಒಮ್ಮೆ 4000ದವರೆಗೆ ಏರಿಸಿ ಕಾಲು ತೆಗೆದೆ. ಅವನು ಕಣ್ಣು ಮುಚ್ಚಿ ಎಂಜಿನ್ ಸದ್ದನ್ನೇ ಕೇಳುತ್ತಾ ಕೂತಿದ್ದ. ಈಗ 1140 ಕಿಲೋಮೀಟರ್ ಆಗಿದೆ. ಬರುವ ಭಾನುವಾರ ಗುಂಡ್ಲುಪೇಟೆ ಕಡೆ ಹೋಗುತ್ತೇವೆ. ಆ ದಿನ ಅವನಿಗೆ 5000 ಆರ್‌ಪಿಎಂವರೆಗೆ ಬಿಡುತ್ತೇನೆ.

ನಮಸ್ಕಾರ.