ಲೀಟರಿಗೆ ಎಷ್ಟು ಕಟ್ಟಿಗೆ ಅಂತ ಕೇಳುವುದನ್ನು ಮೊದಲು ಬಿಡಿ

ಎಲ್ಲರಿಗೂ ನಮಸ್ಕಾರ. ಇವತ್ತು ರಿವ್ಯೂ ಇಲ್ಲ. ಯಾವ ಮಷೀನನ್ನೂ ಬಿಚ್ಚಿ ತೋರಿಸುವುದಿಲ್ಲ. ಇವತ್ತು ಬರೀ ಮಾತು, ಯಾಕೆಂದರೆ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಕಳೆದ ವಾರ ಪೆಟ್ರೋಲ್ ಎಂಜಿನ್ನಿನ ಕಟ್ಟಿಗೆ ಸೀಳುವ ಮಷೀನಿನ ವಿಡಿಯೋ ಹಾಕಿದ್ದೆ. ನೋಡಿಲ್ಲದಿದ್ದರೆ ಕೆಳಗೆ ಲಿಂಕ್ ಇದೆ, ಆಮೇಲೆ ನೋಡಿ. ಕಮೆಂಟ್ ತೆಗೆದರೆ ಮೊದಲನೆಯದೇ, ‘ಸಾರ್, ಮೈಲೇಜ್ ಎಷ್ಟು?’ ಅದರ ಕೆಳಗೆ, ‘ಲೀಟರಿಗೆ ಎಷ್ಟು ಕ್ವಿಂಟಾಲ್ ಸೀಳುತ್ತೆ?’ ಇನ್ನೂ ಕೆಳಗೆ, ‘ಪೆಟ್ರೋಲ್ ನೂರು ರೂಪಾಯಿ ದಾಟಿದೆ, ಇದೆಲ್ಲ ದುಡ್ಡಿದ್ದವರ ಆಟ.’ ಇದಕ್ಕೆ ಸಾಲು ಸಾಲು ಲೈಕು ಬೇರೆ! ಕಟ್ಟಿಗೆಯನ್ನು ಯಾವ ತಿಂಗಳಲ್ಲಿ ಸೀಳಬೇಕು, ಒಲೆಗೆ ಹಾಕುವಾಗ ಎಷ್ಟು ಒಣಗಿರಬೇಕು ಅಂತ ಒಬ್ಬರಾದರೂ ಕೇಳಬೇಕಲ್ವಾ? ಒಬ್ಬರೂ ಕೇಳಿಲ್ಲ.

ನಾನು ಹೇಳುವುದು ಇಷ್ಟೇ. ಮಷೀನು ಕುಡಿಯುವ ಪೆಟ್ರೋಲ್ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ದುಡ್ಡು ಹೋಗುತ್ತಿರುವುದು ಕಟ್ಟಿಗೆಯೊಳಗಿನ ನೀರಿಗೆ.

ಆದರೂ ಕೇಳಿದ್ದೀರಿ, ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಇಂಥ ಮಷೀನಿಗೆ ಸಾಮಾನ್ಯವಾಗಿ ಕೂರಿಸುವುದು ಹೋಂಡಾ ಜಿಎಕ್ಸ್ 160 ಥರದ ಎಂಜಿನ್ನು. 163 ಸಿಸಿ. ಕಂಪನಿಯೇ ಕೊಟ್ಟಿರುವ ಅಂಕಿ ಇದೆ, 3600 ಆರ್‌ಪಿಎಂನಲ್ಲಿ ಪೂರ್ತಿ ಲೋಡ್ ಹಾಕಿ ಓಡಿಸಿದರೆ ಗಂಟೆಗೆ 1.4 ಲೀಟರ್. ಆದರೆ ಕಟ್ಟಿಗೆ ಸೀಳುವಾಗ ಪೂರ್ತಿ ಲೋಡ್ ಎಷ್ಟು ಹೊತ್ತು ಇರುತ್ತದೆ? ಬೆಣೆ ಗಂಟಿಗೆ ಸಿಕ್ಕಿಕೊಂಡ ಆ ನಾಲ್ಕು ಕ್ಷಣ. ಉಳಿದ ಹೊತ್ತೆಲ್ಲ ನೀವು ತುಂಡು ಎತ್ತುತ್ತಿರುತ್ತೀರಿ, ಬೆವರು ಒರೆಸುತ್ತಿರುತ್ತೀರಿ. ಅಂದರೆ ನಿಜವಾದ ಖರ್ಚು ಅದಕ್ಕಿಂತ ಕಡಿಮೆ.

ಎಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಸಿಲಿಂಡರಿಗೆ ಆಯಿಲ್ ತಳ್ಳುತ್ತದೆ, ಆ ಒತ್ತಡಕ್ಕೆ ಜಾಕ್ ಮುಂದೆ ಹೋಗಿ ಕಟ್ಟಿಗೆ ಸೀಳುತ್ತದೆ. ಈ ಪಂಪು ಎರಡು ಹಂತದ್ದು. ಸುಮ್ನೆ ಮುಂದೆ ಹೋಗುವಾಗ ಆಯಿಲ್ ಜಾಸ್ತಿ, ಒತ್ತಡ ಕಡಿಮೆ, ಹಾಗಾಗಿ ಜಾಕ್ ಸರ್ರನೆ ಓಡುತ್ತದೆ. ತುಂಡಿಗೆ ತಾಗಿ ಬಿಗಿಯಾದ ಕೂಡಲೇ ತಾನಾಗಿಯೇ ಹಂತ ಬದಲಾಗುತ್ತದೆ. ಆಯಿಲ್ ಕಡಿಮೆ, ಒತ್ತಡ ಜಾಸ್ತಿ. ಹಲಸಿನ ಬುಡದ ತುಂಡು ಇಟ್ಟು ನೋಡಿ. ಎಂಜಿನ್ನಿನ ಸದ್ದು ಒಮ್ಮೆಲೇ ಗಡುಸಾಗುತ್ತದೆ. ಜಾಕ್ ನಿಂತೇ ಹೋಯಿತು ಅನ್ನುವಷ್ಟು ನಿಧಾನ. ನಾರು ಒಂದೊಂದೇ ಚಟ್ ಚಟ್ ಅಂತ ಹರಿಯುತ್ತದೆ. ಆಮೇಲೆ ಢಬ್ ಅಂತ ಎರಡು ಹೋಳು. ನಾನಂತೂ ಎಷ್ಟು ಸಲ ನೋಡಿದರೂ ನಿಂತು ನೋಡುತ್ತೇನೆ.

ಒಂದು ಮಾತು, ಈಗಲೇ ಹೇಳಿಬಿಡುತ್ತೇನೆ. ಒಬ್ಬ ತುಂಡು ಹಿಡಿದುಕೊಳ್ಳುವುದು, ಇನ್ನೊಬ್ಬ ಲಿವರ್ ಒತ್ತುವುದು ಬೇಡ. ಲಿವರ್ ಹಿಡಿದವನ ಕೈಯೇ ತುಂಡನ್ನೂ ಇಡಬೇಕು. ಬೆರಳು ಹೋದರೆ ಯಾವ ವಿಡಿಯೋನೂ ವಾಪಸ್ ಕೊಡುವುದಿಲ್ಲ.

ಇನ್ನು ಟನ್ ವಿಷಯ, ಅಂದರೆ ಜಾಕ್ ಎಷ್ಟು ಬಲದಿಂದ ಒತ್ತುತ್ತದೆ ಅನ್ನುವ ಲೆಕ್ಕ. ಮಷೀನಿನ ಮೇಲೆ 25 ಟನ್ ಅಂತ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸಿಲಿಂಡರಿನ ಒಳಗಿನ ಅಗಲ ಅಳೆದರೆ 4 ಇಂಚು. 3000 ಪಿಎಸ್ಐ, ಅಂದರೆ ಚದರ ಇಂಚಿಗೆ 3000 ಪೌಂಡ್ ಒತ್ತಡಕ್ಕೆ ಲೆಕ್ಕ ಹಾಕಿದರೆ ಸುಮಾರು 17 ಟನ್ ಬರುತ್ತದೆ. ಅಂಗಡಿಯವರೊಬ್ಬರಿಗೆ ಇದನ್ನೇ ಕೇಳಿದೆ. ‘ಕಂಪನಿ ಹಾಕಿರೋದು ಸಾರ್’ ಅಂದರು. ಸ್ಟಿಕ್ಕರ್ ಓದಬೇಡಿ, ಟೇಪು ತೆಗೆದುಕೊಂಡು ಹೋಗಿ.

ಸರಿ, ಈಗ ನನ್ನ ಮಾತಿಗೆ ಬರುತ್ತೇನೆ. ಪೆನ್ನು ತೆಗೆದುಕೊಳ್ಳಿ. ಒಂದು ಟನ್ ಹಸಿ ಅಕೇಶಿಯಾ ತಂದಿರಿ ಅಂತ ಇಟ್ಟುಕೊಳ್ಳಿ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಅಂದರೆ ನೀವು ಪಿಕಪ್ ಬಾಡಿಗೆ ಕೊಟ್ಟು 500 ಲೀಟರ್ ನೀರು ಹೊತ್ತು ತಂದಿದ್ದೀರಿ. ಅದನ್ನು ಸೀಳಿ ಚೆನ್ನಾಗಿ ಒಣಗಿಸಿ, ನೂರಕ್ಕೆ 20 ಭಾಗ ನೀರು ಉಳಿಯುವವರೆಗೆ ಬಿಟ್ಟರೆ ತೂಕ 625 ಕಿಲೋಗೆ ಇಳಿಯುತ್ತದೆ. 375 ಲೀಟರ್ ನೀರು ಬಿಸಿಲಿಗೇ ಹೋಯಿತು, ಪುಕ್ಕಟೆ. ಒಣಗಿಸದೆ ಒಲೆಗೆ ಹಾಕಿದಿರೋ, ಆ 375 ಲೀಟರನ್ನು ಒಲೆಯೇ ಆವಿ ಮಾಡಬೇಕು. ಅದಕ್ಕೆ ಬೇಕಾಗುವ ಶಾಖ ಎಷ್ಟು ಗೊತ್ತಾ? ಹತ್ತಿರ ಹತ್ತಿರ 30 ಲೀಟರ್ ಪೆಟ್ರೋಲಿನಲ್ಲಿರುವಷ್ಟು.

ಮೂವತ್ತು ಲೀಟರ್! ಅದೇ ಒಂದು ಟನ್ನನ್ನು ಮಷೀನಿನಲ್ಲಿ ಸೀಳಲು ಇಬ್ಬರು ಆರಾಮಾಗಿ ಮಾಡಿದರೂ ಎರಡು ಗಂಟೆ. ಪೂರ್ತಿ ಲೋಡ್ ಅಂತಲೇ ಹಿಡಿದರೂ 3 ಲೀಟರ್ ದಾಟುವುದಿಲ್ಲ. ಮೂರು ಲೀಟರಿಗೆ ಲೆಕ್ಕ ಕೇಳುತ್ತೀರಿ, ಮೂವತ್ತು ಲೀಟರಿನಷ್ಟು ಶಾಖ ಚಿಮಣಿಯಲ್ಲಿ ಹೋಗುತ್ತಿದ್ದರೆ ಬಾಯಿ ಬಿಡುವುದಿಲ್ಲ. ಮದುವೆಗೆ ಲಕ್ಷಗಟ್ಟಲೆ ಸುರಿದು ಬಾಳೆ ಎಲೆಯ ರೇಟಿಗೆ ಜಗಳ ಆಡಿದ ಹಾಗಾಯಿತು ಇದು.

ಇದೂ ಬರೀ ನೀರಿನ ಲೆಕ್ಕ. ಹೊಗೆಯ ಲೆಕ್ಕ ಬೇರೆಯೇ ಇದೆ. ಒಣ ಕಟ್ಟಿಗೆಗೆ ಬಿಸಿ ತಾಗಿದಾಗ ಅದರ ಮುಕ್ಕಾಲು ಪಾಲು ಅನಿಲವಾಗಿ ಹೊರಗೆ ಬರುತ್ತದೆ. ಒಲೆ ಬಿಸಿಯಿದ್ದರೆ ಆ ಅನಿಲ ಹೊತ್ತಿಕೊಂಡು ಉರಿಯಾಗುತ್ತದೆ. ಒಲೆ ತಣ್ಣಗಿದ್ದರೆ ಹೊತ್ತಿಕೊಳ್ಳದೆ ಹೊಗೆಯಾಗಿ ಹೋಗುತ್ತದೆ. ಒಲೆಯನ್ನು ತಣ್ಣಗೆ ಇಡುವುದು ಯಾವುದು? ಅದೇ ನೀರು. ಮಾಡಿನ ಒಳಗೆ ಅಂಟಿಕೊಳ್ಳುವ ಕಪ್ಪು ಜಿಡ್ಡು ಇದೆಯಲ್ಲ, ಅದು ಉರಿಯಬೇಕಾಗಿದ್ದ ಕಟ್ಟಿಗೆ. ನೀವೇ ಕಡಿದು, ನೀವೇ ಹೊತ್ತು ತಂದಿದ್ದು.

ಒಬ್ಬರು ಬರೆದಿದ್ದಾರೆ, ‘ಹಸಿ ಕಟ್ಟಿಗೆ ನಿಧಾನ ಉರಿಯುತ್ತೆ, ಜಾಸ್ತಿ ಹೊತ್ತು ಬರುತ್ತೆ.’ ಅಯ್ಯೋ ಮಾರಾಯ್ರೇ! ಜಾಸ್ತಿ ಹೊತ್ತು ಬರುವುದು ಯಾಕೆ? ಉರಿಯದೇ ಇರುವುದರಿಂದ! ನಿಮ್ಮ ಬಚ್ಚಲ ಒಲೆಯ ಮುಂದೆ ಕೂತು ನೋಡಿ. ಹಸಿ ಕೊಳ್ಳಿಯ ಹೊರಗಿನ ತುದಿ ಇದೆಯಲ್ಲ, ಅಲ್ಲಿಂದ ಸುಂಯ್ ಅಂತ ಸದ್ದು ಬರುತ್ತದೆ. ಬಿಳಿ ನೊರೆ ಬರುತ್ತದೆ. ನೊರೆ ಒಡೆದು ಕಂದು ಬಣ್ಣದ ನೀರು ಒಲೆಯ ಬಾಯಿಗೆ ತೊಟ್ಟಿಕ್ಕುತ್ತದೆ. ಒಳಗೆ ಉರಿ, ಹೊರಗೆ ನೀರು, ಒಂದೇ ಕೊಳ್ಳಿಯಲ್ಲಿ. ಹಂಡೆಯ ನೀರು ಕಾಯಲಿ ಅಂತ ನೀವು ಕಾದು ಕೂತಿದ್ದೀರಿ, ಒಲೆ ಕಟ್ಟಿಗೆಯ ನೀರು ಕಾಯಿಸುತ್ತಿದೆ. ಆ ಒಂದು ಲೀಟರ್ ಆವಿ ಮಾಡುವ ಶಾಖದಲ್ಲಿ ಹಂಡೆಯ ಎಂಟು ಲೀಟರ್ ಕುದಿ ಬರುತ್ತಿತ್ತು. ಎಂಟು! ಇದರ ಮುಂದೆ ಕೂತು ಊದುಕೊಳವೆ ಊದಿ ಕಣ್ಣು ಕೆಂಪು ಮಾಡಿಕೊಳ್ಳುವುದು ಯಾರು? ಮನೆಯ ಹೆಂಗಸರು. ಮೈಲೇಜ್ ಕೇಳುವವರು ಜಗಲಿಯಲ್ಲಿ ಕೂತಿರುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಅಡಿಕೆ ಕೊಯ್ಲು ಶುರುವಾಗುವುದು ಯಾವಾಗ? ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಸಿರು ಅಡಿಕೆ ಸುಲಿದು, ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕಂದು ನೀರು) ಹಾಕಿ, ದೊಡ್ಡ ಹಂಡೆಯಲ್ಲಿ ಬೇಯಿಸಬೇಕು. ವರ್ಷದಲ್ಲೇ ಅತಿ ಜಾಸ್ತಿ ಕಟ್ಟಿಗೆ ಬೇಕಾಗುವ ಹೊತ್ತು ಅದು. ಆ ಹೊತ್ತಿಗೆ ಮಷೀನು ಬಾಡಿಗೆಗೆ ತಂದು, ಹಿಂದಿನ ವಾರ ಸೀಳಿದ ಕಟ್ಟಿಗೆಯನ್ನು ಹಂಡೆ ಕೆಳಗೆ ತುರುಕಿದರೆ ಏನಾಗುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಮಳೆಗಾಲದಲ್ಲಿ ಯಾವ ಕಟ್ಟಿಗೆ ಒಣಗುತ್ತದೆ ಹೇಳಿ? ಅಡಿಕೆ ಬೇಯಿಸುವ ಕಟ್ಟಿಗೆ ಹಿಂದಿನ ಜನವರಿ, ಫೆಬ್ರವರಿಯಲ್ಲೇ ಸೀಳಿ ಆಗಿರಬೇಕು. ಮಾರ್ಚ್, ಏಪ್ರಿಲ್, ಮೇ ಬಿಸಿಲು ಪೂರ್ತಿ ಅದಕ್ಕೆ ಸಿಗಬೇಕು. ಮೊದಲ ಮಳೆಗೆ ಮುಂಚೆ ಕೊಟ್ಟಿಗೆ ಸೇರಬೇಕು.

ಸೀಳುವುದು ಯಾಕೆ ಅಂದುಕೊಂಡಿದ್ದೀರಿ? ಒಲೆಯ ಬಾಯಿಗೆ ಹಿಡಿಸಲಿ ಅಂತ ಮಾತ್ರ ಅಲ್ಲ. ದಿಮ್ಮಿಗೆ ತೊಗಟೆ ಇರುವವರೆಗೆ ಒಳಗಿನ ನೀರು ಹೊರಗೆ ಬರುವುದಿಲ್ಲ. ಎರಡು ತುದಿಯಿಂದ ಸ್ವಲ್ಪ ಸ್ವಲ್ಪ ಹೋಗುತ್ತದೆ ಅಷ್ಟೇ. ಸೀಳಿದಾಗ ಒಳಮೈ ತೆರೆದುಕೊಳ್ಳುತ್ತದೆ, ಗಾಳಿ ತಾಗುತ್ತದೆ. ಅಂದರೆ ಈ ಮಷೀನು ಕಟ್ಟಿಗೆ ಒಣಗಿಸುವ ಕೆಲಸದ ಮೊದಲ ಹೆಜ್ಜೆ. ಅದಕ್ಕೆ ಹಾಕಿದ ಪೆಟ್ರೋಲು ಖರ್ಚಲ್ಲ. ಮೂರು ಲೀಟರ್ ಕೊಟ್ಟು ಮೂವತ್ತು ಉಳಿಸುತ್ತೀರಿ. ಬ್ಯಾಂಕಿನವರು ಕೊಡುತ್ತಾರಾ ಇಂಥ ಬಡ್ಡಿ?

‘ನಮ್ಮಜ್ಜ ಕೊಡಲಿಯಲ್ಲೇ ಸೀಳುತ್ತಿದ್ದರು’ ಅನ್ನುವವರಿಗೆ ಒಂದು ಪ್ರಶ್ನೆ. ನಿಮ್ಮಜ್ಜ ಸೀಳುತ್ತಿದ್ದದ್ದು ಯಾವಾಗ? ಬೇಸಿಗೆಯಲ್ಲಿ. ಅವರ ಕೊಟ್ಟಿಗೆಯಲ್ಲಿ ಕಟ್ಟಿಗೆ ವರ್ಷ ಮೊದಲೇ ತುಂಬಿರುತ್ತಿತ್ತು. ಅಜ್ಜನ ಕೊಡಲಿ ಹಿಡಿದಿದ್ದೀರಿ, ಅಜ್ಜನ ಕ್ಯಾಲೆಂಡರ್ ಬಿಟ್ಟಿದ್ದೀರಿ. ಮೇಲಾಗಿ ಕೊಡಲಿ ಹಿಡಿಯುವ ಆಳು ಈಗ ಎಲ್ಲಿ ಸಿಗುತ್ತಾರೆ? ಸಿಕ್ಕರೆ ನನಗೂ ನಂಬರ್ ಕಳಿಸಿ.

‘ಕರೆಂಟಿನ ಮಷೀನು ತಗೊಳ್ಳಬಹುದಲ್ವಾ, ಪೆಟ್ರೋಲ್ ಖರ್ಚೇ ಇಲ್ಲ’ ಅಂತ ಇನ್ನೊಬ್ಬರು. ತಗೊಳ್ಳಿ! ಮನೆ ಹತ್ತಿರ ಒಳ್ಳೆ ವೋಲ್ಟೇಜ್ ಇದ್ದರೆ ಖಂಡಿತ ತಗೊಳ್ಳಿ. ತೋಟದ ತುದಿಯಲ್ಲಿ ಮರ ಬಿದ್ದಿರುವವರು ವಯರ್ ಎಲ್ಲಿಂದ ಎಳೆಯುತ್ತಾರೆ? ಮತ್ತೆ ಕರೆಂಟಿನಲ್ಲಿ ಸೀಳಿದರೂ ಹಸಿ ಹಸಿಯೇ. ನನ್ನ ಮಾತು ಅಲ್ಲಿಗೂ ಅನ್ವಯ.

ಪೆಟ್ರೋಲ್ ಉಳಿಸಲೇಬೇಕು ಅಂತ ಹಠ ಇರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ತುಂಡುಗಳನ್ನು ಮೊದಲೇ ಮಷೀನಿನ ಹತ್ತಿರ ಒಟ್ಟಿಕೊಳ್ಳಿ. ಪ್ರತಿ ಸಲ ಜಾಕನ್ನು ಪೂರ್ತಿ ಹಿಂದಕ್ಕೆ ಬಿಡಬೇಡಿ, ತುಂಡಿನ ಉದ್ದಕ್ಕೆ ಎಷ್ಟು ಬೇಕೋ ಅಷ್ಟು ಸಾಕು. ಮಾತಾಡುತ್ತಾ ನಿಲ್ಲುವುದಾದರೆ ರೇಸ್ ಇಳಿಸಿ, ಚಹಾ ಕುಡಿಯುವಾಗ ಆಫ್ ಮಾಡಿ. ಏರ್ ಫಿಲ್ಟರ್ ಸ್ವಚ್ಛ ಮಾಡಿ. ಮುಗಿಯಿತು. ಇಷ್ಟೆಲ್ಲ ಮಾಡಿದರೂ ಉಳಿಯುವುದು ಅರ್ಧ ಲೀಟರೋ ಏನೋ. ಅದರ ಹತ್ತಾರು ಪಟ್ಟು ಉಳಿಯುವ ಕೆಲಸ ಬಿಸಿಲಲ್ಲಿ ಬಿದ್ದಿದೆ.

ನಡುವೆ ಹೇಳಿಬಿಡುತ್ತೇನೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ. ನೋಡುವವರು ಬಹಳ ಜನ, ಗಂಟೆ ಒತ್ತುವವರು ಕಡಿಮೆ. ಚೈನ್‌ಸಾ ಚೈನಿಗೆ ಮನೆಯಲ್ಲೇ ಅರ ಹಾಕುವ ವಿಡಿಯೋ ರೆಡಿ ಇದೆ, ಮುಂದಿನ ವಾರ ಬರುತ್ತದೆ. ಅದು ತುಂಬ ಚೆನ್ನಾಗಿ ಬಂದಿದೆ, ತಪ್ಪಿಸಿಕೊಳ್ಳಬೇಡಿ.

ಹಾಂ, ಇನ್ನೊಂದು ಸಂಗತಿ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದೇ ಐಐಎಸ್ಸಿಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಅಂತ ಒಂದು ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದಕ್ಕೇ ಅದು. ಆ ಒಲೆ ಬಂದದ್ದು ಅಲ್ಲಿಂದ. ಮೂರು ಪಾತ್ರೆ ಇಡುವ ಒಲೆ, ಕೆಳಗೆ ಜಾಲರಿ, ಹಿಂದೆ ಚಿಮಣಿ. ಹಳ್ಳಿಯ ಹೆಂಗಸರಿಗೆ ಹೊಗೆ ತಪ್ಪಲಿ, ಕಟ್ಟಿಗೆ ಉಳಿಯಲಿ ಅಂತ ದೊಡ್ಡ ದೊಡ್ಡ ವಿಜ್ಞಾನಿಗಳು ಕೂತು ಗಾಳಿಯ ದಾರಿ ಅಳೆದು ಮಾಡಿದ ಒಲೆ. ಅದರ ಬಾಯಿಗೆ ನೀವು ನೀರು ಸುರಿಯುವ ಕೊಳ್ಳಿ ತುರುಕುತ್ತೀರಲ್ಲ, ಹೊಟ್ಟೆ ಉರಿಯುವುದಿಲ್ವಾ?

‘ನಮ್ಮ ಊರಲ್ಲಿ ಎಲ್ಲರೂ ಹೀಗೇ ಮಾಡುವುದು’ ಅಂತಲೂ ಬರೆದಿದ್ದಾರೆ. ಮಾಡಲಿ. ಊರೆಲ್ಲ ಹಸಿ ಉರಿಸಿದರೆ ಹಸಿ ಒಣಗಿಬಿಡುತ್ತಾ? ಇಲ್ಲ. ಹಸಿ ಹಸಿಯೇ. ನೀರು ನೀರೇ. ಎಷ್ಟು ಸಲ ಕೇಳಿದರೂ ನಾನು ಇದನ್ನೇ ಹೇಳುವುದು.

ಈಗ ನಿಮಗೊಂದು ಕೆಲಸ. ತೇವ ಅಳೆಯುವ ಎರಡು ಸೂಜಿಯ ಮೀಟರ್ ಬರುತ್ತದೆ, ದುಬಾರಿ ಏನಲ್ಲ. ಕೊಟ್ಟಿಗೆಯಿಂದ ಒಂದು ತುಂಡು ತನ್ನಿ. ಹೊರಮೈಗೆ ಚುಚ್ಚಬೇಡಿ, ಅದು ಒಣಗಿದ ಅಂಕಿಯನ್ನೇ ತೋರಿಸುತ್ತದೆ. ತುಂಡನ್ನು ಇನ್ನೊಮ್ಮೆ ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಿ. ಮೀಟರ್ ಇಲ್ಲದವರು ಒಂದು ತುಂಡಿನ ತೂಕ ಬರೆದಿಡಿ, ಬಿಸಿಲಲ್ಲಿ ಇಡಿ, ವಾರ ವಾರ ತೂಗಿ. ಇಳಿಯುವುದು ನಿಲ್ಲುವವರೆಗೆ ಅದು ಒಣಗುತ್ತಿದೆ ಅಂತ ಅರ್ಥ. ಬಂದ ಅಂಕಿಯನ್ನು ಕಮೆಂಟಿನಲ್ಲಿ ಹಾಕಿ, ಮರ ಯಾವುದು ಅಂತಲೂ ಬರೆಯಿರಿ. ಸಿಲ್ವರ್ ಓಕ್ ಇರುವವರು, ಕೊಡಗು, ಚಿಕ್ಕಮಗಳೂರಿನ ಕಡೆಯವರು ದಯವಿಟ್ಟು ಹಾಕಿ, ನನಗೆ ಅದು ಬೇಕು.

ಮತ್ತೆ ಆ ಟಾರ್ಪಾಲು! ಸೀಳಿ ಒಟ್ಟಿದ ಕಟ್ಟಿಗೆಗೆ ನೆಲದವರೆಗೂ ನಾಲ್ಕೂ ಕಡೆ ಟಾರ್ಪಾಲು ಸುತ್ತಿ ಕಲ್ಲು ಹೇರುತ್ತಾರಲ್ಲ, ಒಳಗಿನ ತೇವ ಎಲ್ಲಿಗೆ ಹೋಗಬೇಕು? ಮೇಲೆ ಮಾತ್ರ ಮುಚ್ಚಿ, ಪಕ್ಕ ಬಿಡಿ ಅಂತ ಎಷ್ಟು ಸಲ ಹೇಳಿದ್ದೇನೆ. ಬೇಡ, ಅದನ್ನು ಈಗ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಅದಕ್ಕೇ ಬೇರೆ ವಿಡಿಯೋ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಲೈವ್ ಬರುತ್ತೇನೆ, ನಿಮ್ಮ ಕಟ್ಟಿಗೆ ಒಟ್ಟಿನ ಫೋಟೋ ಕಳಿಸಿ. ಒಂದೊಂದನ್ನೂ ನೋಡಿ ಹೇಳುತ್ತೇನೆ. ನಮಸ್ಕಾರ.